ಕೈ ಎತ್ತಿದ ಸಾರ್ವಜನಿಕರು

ನಮಗೆ ಕೈ ಎತ್ತುವುದನ್ನು ಕಲಿಸಿದವನು ಮೇಸ್ತ್ರಿ.

ದಿನಾ ಬೆಳಕು ಹರಿಯುವ ಮೊದಲೇ ನಾವು ವಾರ್ಡ್ ಆಫೀಸಿನ ಅಂಗಳದಲ್ಲಿ ನಿಂತಿರಬೇಕು. ರಸ್ತೆ ಗುಡಿಸುವ ಹೆಂಗಸರು ನಾವು. ಎಲ್ಲರೂ ಗುತ್ತಿಗೆಯವರು. ಮೊದಲು ಹೆಸರು ಕೂಗಿ ಹಾಜರಿ ಹಾಕುತ್ತಿದ್ದರು. ಆಮೇಲೆ ಮೇಲಿನವರಿಗೆ ನಮ್ಮ ಹೆಸರಿನ ಮೇಲೆ ನಂಬಿಕೆ ಹೋಯಿತು, ಫೋಟೋ ಬೇಕು ಅಂದರು. ಮೇಸ್ತ್ರಿ ಮೆಟ್ಟಿಲ ಮೇಲೆ ನಿಂತು ಫೋನ್ ಎತ್ತುತ್ತಾನೆ. ನಾವು ಬಲಗೈ ಎತ್ತಬೇಕು. ಬೆರಳು ಬಿಡಿಸಿರಬೇಕು, ಮೊಣಕೈ ನೆಟ್ಟಗಿರಬೇಕು, ಕೈ ಯಾರ ಮುಖಕ್ಕೂ ಅಡ್ಡ ಬರಬಾರದು. ಫೋಟೋದಲ್ಲಿ ಕೈ ಕಾಣದವಳಿಗೆ ಆ ದಿನ ಹಾಜರಿ ಇಲ್ಲ. ಅವಳು ಇಡೀ ಬೀದಿ ಗುಡಿಸಿ ಬೆನ್ನು ಮುರಿದುಕೊಂಡರೂ ಇಲ್ಲ.

"ಕೈ ಒಂದು ಇದ್ರೆ ಸಾಕಾ ಮೇಸ್ತ್ರಿ, ಮಿಕ್ಕಿದ್ದು ಬೇಡ್ವಾ?" ಎಂದು ನನ್ನ ತಂಗಿ ಕೇಳಿದ್ದಳು.

"ಮಿಕ್ಕಿದ್ದು ತಗೊಂಡು ನಾನೇನ್ ಮಾಡ್ಲಿ? ಬಾಯಿ ಮುಚ್ಕೊಂಡು ಎತ್ತು."

ಎತ್ತಿದೆವು. ದಿನಾ ಎತ್ತಿದೆವು. ಎಷ್ಟರ ಮಟ್ಟಿಗೆ ಅಂದರೆ, ಒಮ್ಮೆ ನೆಂಟರ ಮನೆಯಲ್ಲಿ ಯಾರೋ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆಯಲು ಹೋದಾಗ ನನ್ನ ಕೈ ತಾನಾಗಿಯೇ ಮೇಲೆ ಹೋಗಿತ್ತು. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಮೈ ಉರಿಯುತ್ತಿತ್ತು.

ತಂಗಿಯ ವಿಷಯ ಹೇಳಬೇಕು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಬಾಯಿ ಮಾತ್ರ ನನಗಿಂತ ದೊಡ್ಡದು. ಕಸದ ಲಾರಿಯ ಹಿಂಬಾಗಿಲ ಕೊಂಡಿ ಸಡಿಲವಾಗಿದೆ ಅಂತ ನಾವು ಬಾಯಿ ನೋಯುವಷ್ಟು ಹೇಳಿದ್ದೆವು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಬೆಳಗ್ಗೆ ಅದು ಕಳಚಿಕೊಂಡು ಅವಳ ಮಂಡಿಯ ಮೇಲೆ ಬಿತ್ತು. ಆಸ್ಪತ್ರೆಯವರು ಕಾಲು ಉಳಿಸಿದರು. ಆದರೆ ಮಂಡಿ ಮತ್ತೆ ಮಡಚಲಿಲ್ಲ. ಗಂಡ ಅನ್ನಿಸಿಕೊಂಡವನು ಬಂದ, ಕಾಲು ನೋಡಿದ, ತನ್ನ ಬಟ್ಟೆ ಗಂಟು ಕಟ್ಟಿಕೊಂಡು ಹೋದ. ಅವಳು ನನ್ನ ಕೋಣೆಗೆ ಬಂದಳು. ನನಗೂ ಹಿಂದೆ ಮುಂದೆ ಯಾರೂ ಇರಲಿಲ್ಲ. ಇಬ್ಬರೂ ಒಂದೇ ಚಾಪೆ ಹಂಚಿಕೊಂಡೆವು.

"ಈ ಕಾಲು ನನ್ ಮಾತು ಕೇಳಲ್ಲ ಅಕ್ಕ, ಥೇಟ್ ನಿನ್ ಥರ" ಅನ್ನುತ್ತಿದ್ದಳು.

ಸಮನೆಲದ ಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಕಾಲನ್ನು ಪಕ್ಕಕ್ಕೆ ಬೀಸಿ ಮುಂದಿಟ್ಟು, ಸೊಂಟ ಓಲಾಡಿಸುತ್ತ, ನನಗಿಂತ ಚೊಕ್ಕಟವಾಗಿ ಗುಡಿಸುತ್ತಿದ್ದಳು. ಮೆಟ್ಟಿಲು ಮಾತ್ರ ಆಗುತ್ತಿರಲಿಲ್ಲ.

ನಮ್ಮ ಮನೆಗಳು ಗುಡ್ಡದ ಮೇಲಿವೆ. ಅಲ್ಲಿಂದ ಕೆಳಗಿನ ದೊಡ್ಡ ರಸ್ತೆಗೆ ಮಣ್ಣಿನ ಇಳಿಜಾರು ದಾರಿ. ದಾರಿ ಮುಗಿದಲ್ಲಿ, ರಸ್ತೆಯ ಈ ಅಂಚಿನಲ್ಲೇ, ಒಂದು ಕಬ್ಬಿಣದ ಕಂಬ ಇತ್ತು. ಅದೇ ನಮ್ಮ ಸ್ಟಾಪು. ಮೊದಲ ಬಸ್ಸಿನ ಡ್ರೈವರು ಮುಖ ಸಿಂಡರಿಸಿಕೊಂಡೇ ಇರುವ ಮನುಷ್ಯ, ಯಾರ ಜೊತೆಗೂ ಮಾತಿಲ್ಲ. ಆದರೆ ತಂಗಿಯನ್ನು ಕಂಡರೆ ಬಸ್ಸನ್ನು ಮಣ್ಣಿನ ದಿಬ್ಬಕ್ಕೆ ಒತ್ತಿ ನಿಲ್ಲಿಸುತ್ತಿದ್ದ. ಬಾಗಿಲು ದಿಬ್ಬದ ಮಟ್ಟಕ್ಕೆ ಸರಿಯಾಗಿ ಬರುತ್ತಿತ್ತು. ಅವಳು ನೆಟ್ಟಗೆ ಒಳಗೆ ಹೋಗಿ ನಿಲ್ಲುತ್ತಿದ್ದಳು. ಅವಳ ಹಾಜರಿ, ಅವಳ ಕೆಲಸ, ಅವಳು ತಲೆ ಎತ್ತಿಕೊಂಡು ತಿನ್ನುವ ಅನ್ನ, ಎಲ್ಲ ನಿಂತಿದ್ದು ಆ ಬಸ್ಸಿನ ಮೇಲೆ. ಕಾಲು ಮಡಚದವಳನ್ನು ಇನ್ಯಾರು ಕರೆದು ಕೆಲಸ ಕೊಡುತ್ತಾರೆ?

ಒಂದು ದಿನ ಮೇಸ್ತ್ರಿ ಅಂದ, "ಇವತ್ತು ಬೀದಿ ಬೇಡ. ಸಭಾಂಗಣ ತೊಳೀಬೇಕು. ದೊಡ್ಡೋರ ಮೀಟಿಂಗ್ ಇದೆ."

ತೊಳೆದೆವು. ನೆಲ ಉಜ್ಜಿದೆವು, ಕಿಟಕಿ ಒರೆಸಿದೆವು. ಕಕ್ಕಸುಗಳನ್ನು ನನಗೂ ತಂಗಿಗೂ ಹಂಚಿದ್ದರು. ಮಂಡಿ ಮಡಚದ ಹೆಂಗಸು ಕಕ್ಕಸು ಹೇಗೆ ಉಜ್ಜುತ್ತಾಳೆ ಗೊತ್ತೇ? ನೆಲದ ಮೇಲೆ ಕೂತು, ಕಾಲು ಉದ್ದಕ್ಕೆ ಚಾಚಿ, ಅದೇ ನೀರಿನಲ್ಲಿ ತೆವಳುತ್ತಾಳೆ. ಕೆಲಸ ಮುಗಿದಾಗ ಇಬ್ಬರ ಬಟ್ಟೆಯೂ ಸೊಂಟದ ತನಕ ಒದ್ದೆ. ಕುರ್ಚಿ ಜೋಡಿಸಿ, ಕಕ್ಕಸಿಗೆ ಬೀಗ ಹಾಕಿ, ಬೀಗದ ಕೈಯನ್ನು ಮೇಸ್ತ್ರಿಗೆ ಕೊಟ್ಟೆವು.

ಹೊತ್ತಾದರೂ ಕುರ್ಚಿಗಳು ತುಂಬಲಿಲ್ಲ. ಮುಂದಿನ ಸಾಲಿನಲ್ಲಿ ನಾಲ್ಕಾರು ಅಂಗಡಿ ಮಾಲೀಕರು ಕೂತಿದ್ದರು, ಅಷ್ಟೇ. ಹೊಸ ರಸ್ತೆ ಯೋಜನೆಯ ಸಾಹೇಬ ವೇದಿಕೆಯ ಪಕ್ಕದಲ್ಲಿ ತನ್ನ ಸಹಾಯಕನ ಮೇಲೆ ಹಾರಾಡುತ್ತಿದ್ದ.

"ಸಾರ್ವಜನಿಕರ ಜೊತೆ ಸಮಾಲೋಚನೆ ಅಂತ ಅಷ್ಟುದ್ದ ಬ್ಯಾನರ್ ಕಟ್ಸಿದೀರಲ್ರೀ, ಸಾರ್ವಜನಿಕರು ಎಲ್ಲಿ? ಖಾಲಿ ಕುರ್ಚಿ ಫೋಟೋ ತೆಗೆದು ಮೇಲಕ್ಕೆ ಕಳಿಸ್ಲಾ?"

ಸಹಾಯಕ ಗುತ್ತಿಗೆದಾರನನ್ನು ನೋಡಿದ. ಗುತ್ತಿಗೆದಾರ ಮೇಸ್ತ್ರಿಯನ್ನು ನೋಡಿದ. ಮೇಸ್ತ್ರಿ ನಮ್ಮನ್ನು ನೋಡಿದ.

"ಎಲ್ರೂ ಕೋಟು ಬಿಚ್ಚಿ" ಅಂದ. ನಾವು ಹಾಕಿಕೊಳ್ಳುವ ಹೊಳೆಯುವ ಪಟ್ಟಿಯ ಕೋಟು ಅದು, ದೂರದಿಂದಲೇ ಕಸದವರು ಅಂತ ಗೊತ್ತಾಗಲಿ ಅಂತ ಕೊಟ್ಟಿದ್ದು. "ಬಿಚ್ಚಿ ಆ ಮೂಲೇಲಿ ಹಾಕಿ. ಪೊರಕೆ ಬಾಗಿಲ ಹಿಂದೆ ಇಡಿ. ತಲೆ ಸರಿ ಮಾಡ್ಕೊಂಡು ಬಂದು ಕುರ್ಚೀಲಿ ಕೂತ್ಕೊಳ್ಳಿ. ಈಗ ನೀವು ಸಾರ್ವಜನಿಕರು."

"ಇಷ್ಟು ಹೊತ್ತು ಏನಾಗಿದ್ವಿ?" ತಂಗಿ ಕೇಳಿದಳು.

"ತಲೆಹರಟೆ ಬೇಡ. ಇವತ್ತಿನ ಹಾಜರಿ ಇಲ್ಲೇ ತಗೊಳ್ತೀನಿ. ಎದ್ದು ಹೋದೋಳಿಗೆ ಹಾಜರಿ ಇಲ್ಲ."

ಕೂತೆವು. ಮೆತ್ತನೆಯ ಕುರ್ಚಿ. ಒದ್ದೆ ಬಟ್ಟೆಗೆ ಎಲ್ಲಿ ಕಲೆಯಾಗುತ್ತದೋ ಅಂತ ಎಲ್ಲರೂ ತುದಿಯಲ್ಲೇ ಕೂತೆವು. ಎ.ಸಿ. ಗಾಳಿ ಸೊಂಟಕ್ಕೆ ಚುಚ್ಚಿದ ಹಾಗಾಗುತ್ತಿತ್ತು. ನೀರಿನ ಬಾಟಲಿ ಹಂಚುವವನು ಮುಂದಿನ ಸಾಲಿಗೆ ಕೊಟ್ಟ, ನಮ್ಮನ್ನು ನೋಡಿದ, ಬುಟ್ಟಿ ಎತ್ತಿಕೊಂಡು ವಾಪಸ್ ಹೋದ. ನಮ್ಮ ಪೈಕಿ ಎಲ್ಲರಿಗಿಂತ ಹಿರಿಯಳನ್ನು ನಾವು ಅಜ್ಜಿ ಅನ್ನುತ್ತೇವೆ. ಅವಳಿಗೆ ಕಕ್ಕಸಿಗೆ ಹೋಗಬೇಕಿತ್ತು. ಬಾಗಿಲಲ್ಲಿದ್ದ ಕಾವಲುಗಾರ, "ಅದು ಅತಿಥಿಗಳಿಗೆ" ಅಂದು ಕಳಿಸಿದ. ಅಜ್ಜಿ ತೊಡೆ ಬಿಗಿಹಿಡಿದುಕೊಂಡು ಬಂದು ನನ್ನ ಪಕ್ಕ ಕೂತಳು.

ಸಾಹೇಬ ಮೈಕು ಹಿಡಿದ. ಗೋಡೆಯ ಮೇಲೆ ಚಿತ್ರ ಬಿತ್ತು. ಕೆಂಪು ಗೆರೆ, ನೀಲಿ ಗೆರೆ. ಬಹುಮಾದರಿ ಸಂಚಾರ, ಸಮಗ್ರ ಪಥ, ಸುಸ್ಥಿರ ಚಲನಶೀಲತೆ ಅಂತ ಏನೇನೋ. ತಲೆಬುಡ ತಿಳಿಯಲಿಲ್ಲ. ತಿಳಿಯಲಿ ಅಂತ ಅವನು ಹೇಳುತ್ತಲೂ ಇರಲಿಲ್ಲ. ಒಂದು ಚಿತ್ರದಲ್ಲಿ ಅಗಲವಾದ ರಸ್ತೆ, ನಡುವೆ ಗಾಜಿನ ನಿಲ್ದಾಣ, ಸೈಕಲ್ಲಿನ ಮೇಲೆ ನಗುವ ಹುಡುಗಿ, ಸರಪಣಿ ಹಿಡಿದು ನಾಯಿ ತಿರುಗಾಡಿಸುವ ಗಂಡಸು. ನಾಯಿಗೂ ಜಾಗ ಇತ್ತು. ಪೊರಕೆ ಹಿಡಿದವರು ಯಾರೂ ಇರಲಿಲ್ಲ.

"ಅಷ್ಟು ಚೊಕ್ಕಟ ಇದೆಯಲ್ಲ ಅಕ್ಕ, ಗುಡಿಸಿದ್ದು ಯಾರಂತೆ?" ತಂಗಿ ಕಿವಿಯಲ್ಲಿ ಪಿಸುಗುಟ್ಟಿದಳು. ನಾನು ಅವಳ ತೊಡೆ ಚಿವುಟಿದೆ.

ಒಬ್ಬ ಅಂಗಡಿ ಮಾಲೀಕ ಎದ್ದು ತನ್ನ ಗಿರಾಕಿಗಳು ಕಾರು ಎಲ್ಲಿ ನಿಲ್ಲಿಸಬೇಕು ಅಂತ ಕೇಳಿದ. ಅದಕ್ಕೆ ಸಾಹೇಬ ವೇದಿಕೆಯಿಂದ ಇಳಿದು ಬಂದು, ಅವನ ಹೆಗಲ ಮೇಲೆ ಕೈಯಿಟ್ಟು ಉತ್ತರ ಕೊಟ್ಟ. ಅದು ಮುಗಿಯುವಷ್ಟರಲ್ಲಿ ಅಜ್ಜಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು. ನಮ್ಮವರಲ್ಲಿ ಅರ್ಧಕ್ಕರ್ಧ ತೂಕಡಿಸುತ್ತಿದ್ದರು.

ಆಗ ಸಾಹೇಬ ಕೇಳಿದ, "ಈ ಯೋಜನೆಗೆ ಸಹಮತ ಇರುವ ಸಾರ್ವಜನಿಕರು ದಯವಿಟ್ಟು ಕೈ ಎತ್ತಿ."

ಅವನು ಏನು ಕೇಳಿದ ಅನ್ನುವುದು ನನ್ನ ತಲೆಗೆ ಹೋಗಲಿಲ್ಲ. ನನಗೆ ಕಂಡಿದ್ದು ಇಷ್ಟು: ಫೋಟೋದವನು ಕುರ್ಚಿ ಹತ್ತಿ ನಿಂತ, ಕ್ಯಾಮೆರಾ ಎತ್ತಿದ. ಅವನ ಪಕ್ಕದಲ್ಲಿ ಮೇಸ್ತ್ರಿಯೂ ಫೋನ್ ಎತ್ತಿದ. ಹಾಜರಿ!

ಎಲ್ಲರ ಕೈಯೂ ಒಟ್ಟಿಗೆ ಮೇಲೆ ಹೋಯಿತು. ಬೆರಳು ಬಿಡಿಸಿ, ಮೊಣಕೈ ನೆಟ್ಟಗೆ, ಯಾರ ಮುಖಕ್ಕೂ ಅಡ್ಡ ಬರದ ಹಾಗೆ. ಅಜ್ಜಿ ಕಣ್ಣು ಬಿಡುವ ಮೊದಲೇ ಕೈ ಎತ್ತಿದ್ದಳು. ತಂಗಿ ನಗುತ್ತಿದ್ದಳು, ಅವಳ ಕೈ ಎಲ್ಲರಿಗಿಂತ ಮೇಲಿತ್ತು.

ಸಾಹೇಬನ ಮುಖ ಅರಳಿಹೋಯಿತು. "ಸರ್ವಾನುಮತ!" ಅಂದ. "ಇಷ್ಟು ಶಿಸ್ತಿನ ಸಾರ್ವಜನಿಕರನ್ನು ನಾನು ಎಲ್ಲೂ ನೋಡಿಲ್ಲ." ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು. ಅವರೆಲ್ಲ ತಿಂಡಿಗೆ ಹೋದ ಮೇಲೆ ನಾವು ಕೋಟು ಹಾಕಿಕೊಂಡು ಕುರ್ಚಿ ಎತ್ತಿಟ್ಟೆವು, ನೆಲ ಗುಡಿಸಿದೆವು.

ಅದಾಗಿ ಒಂದು ಮಳೆಗಾಲ ಕಳೆಯಿತು. ದೊಡ್ಡ ರಸ್ತೆ ಅಗೆದರು. ಧೂಳು ಎದ್ದಿತು, ಅದನ್ನೂ ನಾವೇ ಗುಡಿಸಿದೆವು. ಒಂದು ಬೆಳಗ್ಗೆ ಗುಡ್ಡ ಇಳಿದು ಬಂದರೆ ಕಂಬ ಇಲ್ಲ. ಕಂಬ ಇದ್ದ ಕಡೆ ಸಿಮೆಂಟು ಮೆತ್ತಿ ಒಣಗಲು ಬಿಟ್ಟಿದ್ದರು. ರಸ್ತೆಯ ಉದ್ದಕ್ಕೂ ಕಬ್ಬಿಣದ ಬೇಲಿ. ಬಸ್ಸುಗಳು ಇನ್ನು ಮೇಲೆ ರಸ್ತೆಯ ನಡುವೆ ಓಡುತ್ತವಂತೆ. ನಿಲ್ದಾಣವೂ ನಡುವೆಯೇ. ಅಲ್ಲಿಗೆ ಹೋಗಬೇಕಾದರೆ ಮೇಲ್ಸೇತುವೆ ಹತ್ತಬೇಕು, ದಾಟಬೇಕು, ಇಳಿಯಬೇಕು. ಮೇಲ್ಸೇತುವೆ ಅಂದರೆ ಮೆಟ್ಟಿಲು. ಮೇಲೆ ನೋಡಿದರೆ ಕುತ್ತಿಗೆ ನೋಯುವಷ್ಟು ಮೆಟ್ಟಿಲು.

ತಂಗಿ ಅದನ್ನು ನೋಡಿದಳು. ಸೆಟೆದ ಕಾಲನ್ನು ಮೊದಲ ಮೆಟ್ಟಿಲಿಗೆ ಇಟ್ಟು ನೋಡಿ, ಮತ್ತೆ ಕೆಳಗಿಟ್ಟಳು.

ಅರ್ಧ ದಿನ ರಜೆ ಬೇಡಿಕೊಂಡು ಇಬ್ಬರೂ ಯೋಜನೆಯ ಕಚೇರಿಗೆ ಹೋದೆವು. ಗುಮಾಸ್ತ ಕನ್ನಡಕ ಹಣೆಗೇರಿಸಿಕೊಂಡು ಕೂತಿದ್ದ.

"ನಮ್ ಸ್ಟಾಪು ಕಿತ್ತಿದೀರಿ" ಅಂದೆ.

"ಯೋಜನೆ ಪ್ರಕಾರ ಕಿತ್ತಿರ್ತಾರೆ."

"ಇವಳ ಕಾಲು ನೋಡಿ. ಮೆಟ್ಟಿಲು ಹತ್ತಕ್ಕಾಗಲ್ಲ. ನಮ್ಮನ್ನ ಒಂದು ಮಾತು ಕೇಳ್ಬಾರ್ದಾ?"

"ಕೇಳಿದೀವಲ್ಲಮ್ಮ. ಪೇಪರಲ್ಲಿ ಹಾಕಿದ್ವಿ, ಮೀಟಿಂಗ್ ಮಾಡಿದ್ವಿ. ಒಬ್ರೂ ಬೇಡ ಅನ್ಲಿಲ್ಲ. ಎಲ್ಲಾ ಕೈ ಎತ್ತಿ ಒಪ್ಪಿದಾರೆ. ನೋಡಿ ಬೇಕಾದ್ರೆ." ಅವನು ಹೆಬ್ಬೆರಳಿನಿಂದ ತನ್ನ ಹಿಂದಿನ ಗೋಡೆ ತೋರಿಸಿದ.

ಗೋಡೆಯಲ್ಲಿ ಚೌಕಟ್ಟು ಹಾಕಿದ ದೊಡ್ಡ ಫೋಟೋ ಇತ್ತು. ಮೆತ್ತನೆ ಕುರ್ಚಿಗಳು, ಎತ್ತಿದ ಕೈಗಳು.

"ಅದು ನಾನು" ಅಂದೆ. "ಇಕೋ, ಪಕ್ಕದಲ್ಲಿರೋದು ಇವಳೇ. ಅದು ಅಜ್ಜಿ."

ಗುಮಾಸ್ತ ಕನ್ನಡಕ ಇಳಿಸಿ ಫೋಟೋ ನೋಡಿದ, ನಮ್ಮನ್ನು ನೋಡಿದ. "ಹೌದಲ್ಲ" ಅಂದ. "ಮತ್ತೆ ನೀವೇ ಒಪ್ಪಿದೀರಲ್ಲಮ್ಮ! ಈಗ ಬಂದು ಜಗಳ ಆಡಿದ್ರೆ ಹೇಗೆ?"

"ನಾವು ಎತ್ತಿದ್ದು ಹಾಜರಿಗೆ!"

"ಯಾತಕ್ಕೆ ಎತ್ತಿದ್ರಿ ಅಂತ ಕೈ ಮೇಲೆ ಬರ್ದಿರಲ್ಲ. ಜಾಗ ಬಿಡಿ, ಹಿಂದೆ ಜನ ಇದಾರೆ."

ಹೊರಗೆ ಬಂದು ತಂಗಿ ಗೋಡೆಗೆ ಒರಗಿ ನಿಂತಳು. ನಗಲು ಶುರು ಮಾಡಿದಳು. "ನಮ್ ಗುಂಡಿ ನಾವೇ ತೋಡ್ಕೊಂಡ್ವಲ್ಲ ಅಕ್ಕ. ಅದೂ ಎ.ಸಿ. ಹಾಕ್ಕೊಂಡು." ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆ ನೀರು ನಗುವಿನದಲ್ಲ ಅಂತ ನನಗೆ ಗೊತ್ತಿತ್ತು. ನನಗೆ ಆ ಕಚೇರಿಗೆ ಬೆಂಕಿ ಹಚ್ಚಬೇಕು ಅನ್ನಿಸಿತು.

ಮಾರನೇ ದಿನ ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡು ಹತ್ತಲು ನೋಡಿದೆ. ನನ್ನ ಬೆನ್ನು ಮೊದಲಿನ ಬೆನ್ನಲ್ಲ. ಅರ್ಧಕ್ಕೂ ಹೋಗದೆ ಇಬ್ಬರೂ ಕುಸಿದು ಕೂತೆವು. "ಬಿಡು, ನನ್ ದಾರಿ ನಾನು ನೋಡ್ಕೊಳ್ತೀನಿ" ಅಂದಳು. ಮೆಟ್ಟಿಲಿಗೆ ಬೆನ್ನು ಮಾಡಿ ಕೂತಳು. ಎರಡೂ ಅಂಗೈ ಮೇಲಿನ ಮೆಟ್ಟಿಲಿಗೆ ಊರಿ, ಕುಂಡಿ ಎತ್ತಿ, ಒಂದು ಮೆಟ್ಟಿಲು ಏರಿದಳು. ಆಮೇಲೆ ಇನ್ನೊಂದು. ಸೆಟೆದ ಕಾಲು ಮುಂದಕ್ಕೆ ಚಾಚಿಕೊಂಡಿತ್ತು, ಪೊರಕೆ ತೊಡೆಯ ಮೇಲಿತ್ತು. ಹಾಗೆ ಹಿಮ್ಮುಖವಾಗಿ ಹತ್ತಿದಳು. ಹಾಗೆಯೇ ಇಳಿದಳು.

ದಿನಾ ಹಾಗೆಯೇ. ಅಂಗೈ ಸುಲಿಯಿತು. ಬಟ್ಟೆ ಹಿಂದೆ ಹರಿಯಿತು, ಹೊಲಿದುಕೊಂಡಳು, ಮತ್ತೆ ಹರಿಯಿತು. ಅವಸರದಲ್ಲಿರುವ ಜನ ಅವಳ ಕಾಲು ದಾಟಿಕೊಂಡು ಓಡುತ್ತಿದ್ದರು. ಕೆಲವರು ತುಳಿದರು. ಒಬ್ಬ ಅವಳ ಮಡಿಲಿಗೆ ನಾಣ್ಯ ಹಾಕಿಹೋದ. ಅವಳು ಅದನ್ನು ಅವನ ಬೆನ್ನಿಗೇ ಗುರಿಯಿಟ್ಟು ಹೊಡೆದಳು. "ನಾನು ಕೆಲ್ಸಕ್ಕೆ ಹೋಗ್ತಿದೀನಿ ಕಣೋ, ನಿನ್ ರಸ್ತೆ ಗುಡಿಸೋಕೆ!" ಎಂದು ಕೂಗಿದಳು. ಅವನು ತಿರುಗಿ ನೋಡದೆ ಇಳಿದುಹೋದ.

ಮೆಟ್ಟಿಲ ಪಕ್ಕದಲ್ಲೇ ಒಂದು ಲಿಫ್ಟ್ ಇತ್ತು. ಸುಳ್ಳಲ್ಲ. ಹೊಚ್ಚ ಹೊಸದು, ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಕಿತ್ತಿರಲಿಲ್ಲ. ಬಾಗಿಲಿಗೆ ಬೀಗ ಹಾಕಿತ್ತು.

"ಕೆಟ್ಟಿದೆಯಾ?" ಕಾವಲಿನವನನ್ನು ಕೇಳಿದೆ.

"ಕೆಡೋಕೇನು, ಚೆನ್ನಾಗೇ ಓಡುತ್ತೆ. ಉದ್ಘಾಟನೆ ಆಗಿಲ್ಲ. ದೊಡ್ಡೋರು ಬಂದು ಬಟನ್ ಒತ್ತಬೇಕು."

"ಬಸ್ಸು ಓಡ್ತಿದೆ, ಮೆಟ್ಟಿಲು ತೆರ್ದಿದೆ, ಇದಕ್ಕೆ ಮಾತ್ರ ಮುಹೂರ್ತ ಬೇಕಾ?"

"ಬಸ್ಸು ಪರೀಕ್ಷೆಗೆ ಓಡ್ತಿರೋದು ಅಮ್ಮ. ನನ್ನ ಯಾಕೆ ಬೈತೀರ? ನಂಗೂ ಬೀಗದ ಕೈ ಕೊಟ್ಟಿಲ್ಲ."

ದಿನಾ ಆ ಲಿಫ್ಟಿನ ಮುಂದಿನ ಜಾಗವನ್ನು ನಾವು ಗುಡಿಸಬೇಕಿತ್ತು. ತಂಗಿ ಅಲ್ಲಿ ಗುಡಿಸುತ್ತ, ಬಾಗಿಲಿಗೆ ಪೊರಕೆಯ ಹಿಡಿಯಿಂದ ಒಮ್ಮೆ ಕುಟ್ಟಿ, "ಒಳಗಡೆ ಯಾರಾದ್ರೂ ಇದೀರಾ?" ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು.

ಆದರೆ ಅಂಗಳ ತಲುಪುವಾಗ ತಡವಾಗುತ್ತಿತ್ತು. ಫೋಟೋ ಆಗಿಹೋಗಿರುತ್ತಿತ್ತು. ಹಾಜರಿ ಇಲ್ಲದೆ ಗುಡಿಸಿ ಬರುತ್ತಿದ್ದಳು. ಮೇಸ್ತ್ರಿ ಮೊದಮೊದಲು ಸುಮ್ಮನಿದ್ದ. ಒಂದು ದಿನ ನನ್ನೆದುರೇ ಅವಳಿಗೆ ಹೇಳಿದ, "ನೋಡಮ್ಮ, ನಾಳೆ ಫೋಟೋದಲ್ಲಿ ನಿನ್ ಕೈ ಇಲ್ದಿದ್ರೆ ಹೆಸರು ಹೊಡೆದು ಹಾಕ್ತೀನಿ. ಮೇಲಿಂದ ಬೈಗುಳ ತಿನ್ನೋನು ನಾನು."

"ಮೇಸ್ತ್ರಿ, ನಿಮ್ ದಮ್ಮಯ್ಯ. ಲಿಫ್ಟ್ ಶುರುವಾಗೋ ತನಕ ತಡ್ಕೊಳ್ಳಿ" ಅಂದೆ. ಜಗಳಗಂಟಿ ಅಂತ ಹೆಸರು ತಗೊಂಡ ನಾನು ಅವನ ಕಾಲಿಗೆ ಬೀಳುವುದೊಂದು ಬಾಕಿ. ಅವನು ಫೋನ್ ನೋಡುತ್ತ ಹೋದ. ಗೋಡೆಗೆ ಹೇಳಿದಂತಾಯಿತು.

ಮರುದಿನ ಮೆಟ್ಟಿಲ ಬುಡದಲ್ಲಿ ತಂಗಿ ಅಂದಳು, "ನೀನು ಹತ್ತು ಅಕ್ಕ. ನಾನು ಹಿಂದೇನೇ ಬರ್ತೀನಿ."

ನಾನು ಹತ್ತಿದೆ. ಸೇತುವೆಯ ಮೇಲೆ ನಡುವಿಗೆ ಬಂದು ತಿರುಗಿ ನೋಡಿದರೆ ಮೆಟ್ಟಿಲಲ್ಲಿ ಅವಳಿಲ್ಲ. ಬೇಲಿಯಲ್ಲಿ ಒಂದು ಕಡೆ ಕಿಂಡಿ ಇತ್ತು, ಕೆಲಸದವರು ಪೈಪು ಸಾಗಿಸಲು ಬಿಟ್ಟುಕೊಂಡಿದ್ದು. ಅಲ್ಲಿಂದ ಅವಳು ನುಸುಳುತ್ತಿದ್ದಳು. ಮೊದಲು ಪೊರಕೆ ಹಾಕಿದಳು, ಆಮೇಲೆ ಒಳ್ಳೆಯ ಕಾಲು, ಆಮೇಲೆ ಸೆಟೆದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟಳು. ಸಮನೆಲ. ನಡೆದಳು. ಆ ಹೊಸ ಬಸ್ಸುಗಳಿಗೆ ಸದ್ದೇ ಇಲ್ಲ. ಒಂದು ಬರುತ್ತಿತ್ತು, ನಾನು ಮೇಲಿಂದ ಕೂಗಿದೆ. ಅವಳು ನನ್ನ ದನಿ ಕೇಳಿ ತಲೆ ಎತ್ತಿದಳು, ಬಸ್ಸಿನ ಕಡೆ ನೋಡಲಿಲ್ಲ.

ಇಳಿದು ಓಡಿದೆ. ಅವಳು ಇನ್ನೂ ಬಿಸಿಯಾಗಿದ್ದಳು. ಬಾಯಿ ಮಾತ್ರ ಮಾತಾಡಲಿಲ್ಲ.

ಪೊಲೀಸಿನವರು ಬಂದು ಬೇಲಿ ದಾಟಿದ್ದು ಅವಳದೇ ತಪ್ಪು ಅಂದರು. ಯೋಜನೆಯವರು ಸೇತುವೆ ಇದೆಯಲ್ಲ ಅಂದರು. ಗುತ್ತಿಗೆದಾರ ಅವಳು ಆಗಿನ್ನೂ ಕೆಲಸಕ್ಕೆ ಬಂದಿರಲಿಲ್ಲ, ಹಾಜರಿ ಆಗಿಲ್ಲ ಅಂದ. ಎಲ್ಲರೂ ಕೈ ತೊಳೆದುಕೊಂಡರು. ಕಿಂಡಿಯನ್ನು ಮಾತ್ರ ಸಂಜೆಯೊಳಗೆ ಮುಚ್ಚಿದರು. ಬೇಗ ಕೆಲಸ ಮಾಡುವುದು ಅವರಿಗೂ ಬರುತ್ತದೆ.

ರಸ್ತೆ ತೊಳೆಯಬೇಕಿತ್ತು. ಬಸ್ಸುಗಳು ಕಾಯುತ್ತಿದ್ದವು. ಮೇಸ್ತ್ರಿ ಅಜ್ಜಿಯನ್ನು ಕರೆದ. ನಾನು ಅಜ್ಜಿಯ ಕೈಯಿಂದ ಬಕೆಟ್ ಕಿತ್ತುಕೊಂಡೆ. "ಯಾರೂ ಮುಟ್ಬೇಡಿ" ಅಂದೆ. ನಾನೇ ತೊಳೆದೆ. ಹೊಸ ಡಾಂಬರು ಒರಟು, ರಕ್ತ ಬೇಗ ಬಿಡುವುದಿಲ್ಲ. ಮಂಡಿಯೂರಿ ಬ್ರಷ್ಷಿನಿಂದ ಉಜ್ಜಿದೆ. ಬಸ್ಸಿನೊಳಗಿಂದ ಜನ ನೋಡುತ್ತಿದ್ದರು. ಒಬ್ಬ ಹಾರ್ನ್ ಹೊಡೆಯಿರಿ ಅಂತ ಡ್ರೈವರಿಗೆ ಹೇಳಿದ.

ಉದ್ಘಾಟನೆಯ ದಿನ ಗೊತ್ತಾಯಿತು. ಮೇಲ್ಸೇತುವೆಯ ಬುಡದಲ್ಲಿ, ಆ ಕಿಂಡಿ ಇದ್ದ ಜಾಗಕ್ಕೆ ಎದುರಾಗಿ, ದೊಡ್ಡ ಫ್ಲೆಕ್ಸ್ ಬೋರ್ಡು ನಿಲ್ಲಿಸಿದರು. "ಜನರನ್ನು ಕೇಳಿ, ಜನರೇ ಒಪ್ಪಿದ ರಸ್ತೆ." ಅದರ ಕೆಳಗೆ ಅದೇ ಫೋಟೋ. ಒಂದು ಬದಿಯಲ್ಲಿ ಮೈಕು ಹಿಡಿದ ಸಾಹೇಬ, ಎದುರಿಗೆ ಕೈ ಎತ್ತಿದ ನಾವು. ನಡುವೆ ನನ್ನ ತಂಗಿ. ಬದುಕಿದ್ದಾಗ ಯಾವತ್ತೂ ಇರದಷ್ಟು ದೊಡ್ಡವಳಾಗಿ, ನಗುತ್ತ, ಎಲ್ಲರಿಗಿಂತ ಮೇಲೆ ಕೈ ಎತ್ತಿಕೊಂಡು, ಈ ರಸ್ತೆ ನನಗೆ ಒಪ್ಪಿಗೆ ಅನ್ನುತ್ತಿದ್ದಳು.

ಹಿಂದಿನ ದಿನ ಮೇಸ್ತ್ರಿ ಏಣಿ ತಂದ. "ಬೋರ್ಡ್ ಮೇಲೆ ಧೂಳು ಕೂತಿದೆ. ಯಾರೋ ಚೀಟಿ ಬೇರೆ ಅಂಟಿಸಿದಾರೆ. ಹತ್ತಿ ಕೆರೆದು ಒರೆಸಿಬಿಡು." ನನ್ನ ಕೈಗೆ ಚೀಟಿ ಕೆರೆಯುವ ಬ್ಲೇಡು ಕೊಟ್ಟ. ನೀಚ ಅಲ್ಲ ಅವನು, ಮರೆತಿದ್ದ. ಮರೆಯುವುದು ಅವನಿಗೆ ಅಷ್ಟು ಸುಲಭವಾಗಿತ್ತು.

ಹತ್ತಿದೆ. ತಂಗಿಯ ಮುಖ ಒರೆಸಿದೆ. ಕೆನ್ನೆ, ಹಣೆ, ನಗುವ ಬಾಯಿ. ಆಮೇಲೆ ಅವಳ ಎತ್ತಿದ ಬೆರಳ ತುದಿಗೆ ಬ್ಲೇಡು ಇಟ್ಟು ಕೆಳಗೆ ಎಳೆದೆ. ಫ್ಲೆಕ್ಸು ಚರ್ ಅಂತ ಸೀಳಿತು. ಕೈ ಸುತ್ತ, ತಲೆ ಸುತ್ತ, ಭುಜದ ಸುತ್ತ ಕೊಯ್ದೆ.

"ಏಯ್! ಏನ್ ಮಾಡ್ತಿದೀಯಾ?" ಮೇಸ್ತ್ರಿ ಕೆಳಗಿಂದ ಕೂಗಿದ. "ಇಳಿ ಕೆಳಗೆ! ಏಣಿ ಎಳೀತೀನಿ ನೋಡು!"

ಎಳೆಯಲು ಬಂದ. ಏಣಿ ಹಿಡಿದು ನಿಂತಿದ್ದ ಹೆಂಗಸರು ಬಿಡಲಿಲ್ಲ. ಅಜ್ಜಿ ಏಣಿಯ ಕಾಲನ್ನು ತಬ್ಬಿಕೊಂಡು ನೆಲದ ಮೇಲೇ ಕೂತುಬಿಟ್ಟಳು.

ತಂಗಿಯನ್ನು ಸುರುಳಿ ಸುತ್ತಿ ಕೆಳಗೆ ಇಳಿಬಿಟ್ಟೆ. ಒಬ್ಬಳು ಎರಡೂ ಕೈಯಲ್ಲಿ ಇಸಿದುಕೊಂಡಳು.

"ಅಕ್ಕಾ" ಎಂದು ಇಸಿದುಕೊಂಡವಳೇ ಕೂಗಿದಳು, "ನನ್ನದೂ ಕೊಯ್ದುಬಿಡು. ಆ ಮೂಲೇಲಿ, ಬಾಯಿ ಆ ಅಂತ ತೆಗೆದಿರೋಳು."

"ನಂದೂ. ಕಂಬದ ಪಕ್ಕ, ಮೂಗು ಮಾತ್ರ ಕಾಣ್ತಿದೆಯಲ್ಲ, ಅದು."

"ನನ್ನ ಬಿಟ್ಬಿಟ್ಟು ಹೋಗ್ಬೇಡವೇ" ಅಂದಳು ಅಜ್ಜಿ, ಏಣಿಯ ಕಾಲು ಬಿಡದೆ. "ಕಣ್ಣು ಮುಚ್ಕೊಂಡಿರೋಳು ನಾನೇ."

ಒಬ್ಬೊಬ್ಬರನ್ನೇ ಕೊಯ್ದೆ. ಏಣಿ ಸರಿಸಿದರು, ಮತ್ತೆ ಹತ್ತಿದೆ. ಮೇಸ್ತ್ರಿ ಫೋನಿನಲ್ಲಿ ಯಾರ್ಯಾರಿಗೋ ಕೂಗಿ ಹೇಳುತ್ತಿದ್ದ. ಕೊನೆಗೆ ನನ್ನ ಮುಖಕ್ಕೆ ಬಂದೆ. ಅದನ್ನು ಕೊಯ್ಯುವ ತಾಳ್ಮೆ ಇರಲಿಲ್ಲ. ಉಗುರು ಹಾಕಿ ಹರಿದೆ.

ಠಾಣೆಯಲ್ಲಿ ಸಂಜೆಯವರೆಗೆ ನಿಲ್ಲಿಸಿದರು. "ಸಾರ್ವಜನಿಕ ಆಸ್ತಿ ಹಾಳು ಮಾಡಿದೀಯ, ಗೊತ್ತಾ?" ಅಂದ ಠಾಣೆಯವನು.

"ನನ್ ಮೂತಿ ನಾನು ಹರ್ಕೊಂಡೆ ಸಾರ್. ಅದು ಯಾರಪ್ಪನ ಆಸ್ತಿ?"

"ನಡುವೆ ಇದ್ದ ಹೆಂಗಸಿಂದು?"

"ಅವಳು ನನ್ ತಂಗಿ. ಅವಳನ್ನ ಕೊಡಲ್ಲ. ಬೇಕಾದ್ರೆ ಒಳಗೆ ಹಾಕಿ."

ಒಳಗೆ ಹಾಕಲಿಲ್ಲ. ಉದ್ಘಾಟನೆಯ ಹಿಂದಿನ ದಿನ ಗಲಾಟೆ ಬೇಡ ಅಂತ ಮೇಲಿಂದ ಫೋನ್ ಬಂತಂತೆ. ಎಲ್ಲರನ್ನೂ ಕೆಲಸದಿಂದ ತೆಗೆದರೆ ಮರುದಿನ ರಸ್ತೆ ಗುಡಿಸುವವರಿಲ್ಲ, ಹಾಗಾಗಿ ನನ್ನೊಬ್ಬಳನ್ನು ತೆಗೆದರು. ಹೊಸ ಬೋರ್ಡು ಮಾಡಿಸಲು ಹೊತ್ತು ಸಾಲಲಿಲ್ಲ. ದೊಡ್ಡವರು ಬಂದು ಲಿಫ್ಟಿನ ಬಟನ್ ಒತ್ತಿದಾಗ ಪಕ್ಕದ ಬೋರ್ಡಿನಲ್ಲಿ ಸಾಹೇಬ ಒಬ್ಬನೇ ಮೈಕು ಹಿಡಿದು ನಿಂತಿದ್ದನಂತೆ. ಎದುರಿಗೆ ಬರೀ ತೂತುಗಳು. ಅಜ್ಜಿ ಬಂದು ಹೇಳಿದಳು.

ಕೆಲಸ ಇಲ್ಲದೆ ಕೋಣೆಯಲ್ಲಿ ಕೂತೆ. ತಂಗಿಯದು ಅಂತ ನನ್ನಲ್ಲಿ ಬೇರೆ ಫೋಟೋ ಇಲ್ಲ. ಇದು ಬಿಟ್ಟರೆ ಅವಳ ಫೋಟೋ ತೆಗೆದವನು ಮೇಸ್ತ್ರಿ ಒಬ್ಬನೇ, ತೆಗೆದದ್ದು ಹಾಜರಿಗೆ. ಗೋಡೆಗೆ ಹಾಕೋಣ ಅಂತ ಸುರುಳಿ ಬಿಚ್ಚಿದೆ. ಆ ಕೈ ಇನ್ನೂ ಎತ್ತಿಕೊಂಡೇ ಇತ್ತು. ಕತ್ತರಿಸೋಣ ಅಂದುಕೊಂಡೆ, ಮನಸ್ಸು ಬರಲಿಲ್ಲ, ತಂಗಿಯ ಕೈ ಅಲ್ಲವೇ. ಹಿಂದಕ್ಕೆ ಮಡಚಿದೆ. ಫ್ಲೆಕ್ಸು ಗಡುಸು. ಬಿಟ್ಟ ಕೂಡಲೇ ಮತ್ತೆ ಎದ್ದು ನಿಂತಿತು. ಒತ್ತಿದೆ, ಮತ್ತೆ ಎದ್ದಿತು.

ಕೆಲವು ವಾರ ಕಳೆದ ಮೇಲೆ ಮೇಸ್ತ್ರಿ ಬಂದ. ಗುಡ್ಡ ಹತ್ತಿ ಏದುಸಿರು ಬಿಡುತ್ತಿದ್ದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ.

"ಹೇಗಿದೀಯಮ್ಮ?"

ನಾನು ಚಾಪೆ ಮಡಚಿ ಮೂಲೆಗಿಟ್ಟೆ.

"ಆಗಿದ್ದು ಆಯ್ತು. ನನಗೂ ಬೇಜಾರಿದೆ. ನೋಡು, ರಸ್ತೆ ಮುಂದಕ್ಕೆ ಹೋಗುತ್ತಂತೆ. ಎರಡನೇ ಹಂತ. ಮತ್ತೆ ಮೀಟಿಂಗ್ ಇದೆ, ಜನ ಬೇಕಂತೆ. ಆ ಹೆಂಗಸರು ನನ್ ಮಾತು ಕೇಳ್ತಿಲ್ಲ, ನೀನು ಹೇಳಿದ್ರೆ ಬರ್ತಾರೆ. ಕರ್ಕೊಂಡು ಬಾ, ನಿನ್ ಕೆಲಸ ವಾಪಸ್ ಕೊಡಿಸೋ ಜವಾಬ್ದಾರಿ ನಂದು."

"ಬಂದ್ರೆ ಮಾತಾಡಕ್ಕೆ ಬಿಡ್ತಾರಾ?"

"ಮಾತು ಯಾಕೆ? ಸುಮ್ನೆ ಕೂತು..." ಎಂದು ಅವನು ಅರ್ಧಕ್ಕೇ ನಿಲ್ಲಿಸಿದ. ಅವನ ಕಣ್ಣು ಗೋಡೆಗೆ ಹೋಗಿತ್ತು. ತಂಗಿ ಅಲ್ಲಿ ನಗುತ್ತಿದ್ದಳು.

"ಅವಳ ಕೈ ಎಲ್ಲಿ?" ಅಂದ.

ನಾನು ಇಷ್ಟು ವರ್ಷ ಅವನನ್ನು ನೀವು ಅಂದವಳು. ಅವತ್ತು ಅನ್ನಲಿಲ್ಲ.

"ಹಿಂದಕ್ಕೆ ಮಡಚಿದೀನಿ ಕಣೋ. ಎಷ್ಟು ಒತ್ತಿದ್ರೂ ಮತ್ತೆ ಮತ್ತೆ ಏಳ್ತಿತ್ತು, ನೀನು ಅಷ್ಟು ಚೆನ್ನಾಗಿ ಕಲ್ಸಿದ್ದೆ. ಮೊಳೆ ಹೊಡ್ದೆ. ಹೋಗು, ನಿನ್ ಸಾಹೇಬನಿಗೆ ಹೇಳು, ಈ ಗುಡ್ಡದಲ್ಲಿ ಇನ್ನು ಕೈ ಎತ್ತೋರು ಯಾರೂ ಇಲ್ಲ."